ಬಾನೆಟ್ಟಿನ ಮೇಲೆ ಒದ್ದೆ ಬಟ್ಟೆ

ಬಾನೆಟ್ಟು ಮುಟ್ಟಿ ನೋಡಿದರೆ ಕಾರು ಕೊಳ್ಳಲು ಬರುವವನಿಗೆ ಎಲ್ಲವೂ ಗೊತ್ತಾಗಿಬಿಡುತ್ತದೆ ಎಂಬ ಭಯ ದಂತವೈದ್ಯನಿಗೆ ಹುಟ್ಟಿದ್ದು ಎಂಜಿನ್ ಆರಿಸಿ, ಬಾಗಿಲಿನ ಅಂಚು ಹಿಡಿದುಕೊಂಡು, ಆ ತಗ್ಗು ಸೀಟಿನಿಂದ ಹೇಗೋ ಎದ್ದು ನಿಂತ ಮೇಲೆ. ಹಳೆಯ ಕಾರು ಕೊಳ್ಳಲು ಬರುವ ಬುದ್ಧಿವಂತರು ಮೊದಲು ಮಾಡುವ ಕೆಲಸವೇ ಅದು. ಬೇರೇನೋ ಮಾತಾಡುತ್ತ, ಗೆಳೆಯನ ಬೆನ್ನು ತಟ್ಟಿದ ಹಾಗೆ, ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾರೆ. ತಣ್ಣಗಿದ್ದರೆ ಸರಿ. ಬೆಚ್ಚಗಿದ್ದರೆ, ಮಾರುವವನು ಬೆಳಗ್ಗೆಯೇ ಎಂಜಿನ್ ಚಾಲೂ ಮಾಡಿ, ಅದರ ಕೆಮ್ಮು ಕಫವನ್ನೆಲ್ಲ ಮನೆಯವರ ಮುಂದೆಯೇ ಕಕ್ಕಿಸಿ, ಹೊಗೆ ಬಿಡಿಸಿ, ಈಗ ಬಂದವರ ಎದುರಿಗೆ ಸಭ್ಯನ ಹಾಗೆ ತಂದು ನಿಲ್ಲಿಸಿದ್ದಾನೆ ಎಂದರ್ಥ. ಹೆಂಡತಿಯ ಕಾರು ಕೊಳ್ಳುವಾಗ ಅವನೇ ಹೀಗೆ ಅಂಗೈ ಇಟ್ಟಿದ್ದ. ಇಟ್ಟು, ಮಾರುವವನ ಮುಖ ನೋಡಿ ಒಂದು ನಗೆ ನಕ್ಕಿದ್ದ. ಆ ನಗೆ ಎಂಥದೆಂದು ಅವನಿಗೆ ಗೊತ್ತು. ಇವತ್ತು ಅದು ಇನ್ನೊಬ್ಬನ ಮುಖದ ಮೇಲೆ ಮೂಡಿ ತನ್ನ ಕಡೆಗೆ ತಿರುಗುವುದನ್ನು ನೆನೆದು ಅವನ ಕಿವಿ ಕಾವೇರಿತು. ಬಚ್ಚಲಿಗೆ ಹೋಗಿ ಬಕೆಟ್ಟಿನಲ್ಲಿ ನೀರು ತಂದ. ದೊಡ್ಡದೊಂದು ಬಟ್ಟೆಯನ್ನು ಅದ್ದಿ, ಹಿಂಡಿ, ಕಡು ಹಸಿರು ಬಣ್ಣದ ಆ ಉದ್ದನೆಯ ಮೂತಿಯ ಮೇಲೆ ಹಾಸಿದ. ಅಂಚಿನಲ್ಲಿ ಸಣ್ಣಗೆ ಹಬೆ ಎದ್ದಿತು.

"ಏನ್ರೀ, ಅದಕ್ಕೆ ಜ್ವರಾನಾ?" ಹೆಂಡತಿ ಶೆಡ್ಡಿಗೆ ತೆರೆಯುವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಧೂಳು ಒರೆಸ್ತಾ ಇದೀನಿ."

"ಬೆಳಗ್ಗೆ ಒರೆಸಿದ್ರಲ್ಲ."

"ಮತ್ತೆ ಕೂತಿದೆ."

"ಎಲ್ಲಿ, ತೋರಿಸಿ. ಈ ಮನೇಲಿ ಧೂಳು ಕೂತದ್ದು ನಿಮ್ಮ ಕಣ್ಣಿಗೆ ಬೀಳೋದನ್ನ ನಾನೂ ಒಂದು ಸಲ ನೋಡಬೇಕು."

ಅವನು ಬಟ್ಟೆಯ ಅಂಚು ಎಳೆದು ಸರಿಮಾಡಿದ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ಅವಳು. ತಪ್ಪು ಉತ್ತರ ಬಂದರೆ ಕೂಗಾಡುವವಳಲ್ಲ, ಹೇಗೆ ಬಂತು ತೋರಿಸು ಎನ್ನುವವಳು. ಅವಳ ಕಾರು ಹನ್ನೊಂದು ವರ್ಷದಿಂದ ರಸ್ತೆಯಲ್ಲಿ, ಮರದ ಕೆಳಗೆ, ಹಕ್ಕಿಗಳ ವಶದಲ್ಲಿತ್ತು. ದಿನಾ ಅವಳನ್ನು ಶಾಲೆಗೂ, ಅವನನ್ನು ಕ್ಲಿನಿಕ್ಕಿಗೂ, ತರಕಾರಿಯನ್ನು ಮನೆಗೂ ಹೊರುವ ಕಾರು ಹೊರಗೆ. ಏನನ್ನೂ ಹೊರದ, ಎರಡೇ ಸೀಟಿನ, ಚಾವಣಿಯಿಲ್ಲದ, ಕಂಪನಿ ಬಾಗಿಲು ಮುಚ್ಚಿ ಎಷ್ಟೋ ಕಾಲವಾದ ಇಂಗ್ಲೆಂಡಿನ ಈ ಕಾರು ಒಳಗೆ, ಹತ್ತಿಯ ಹೊದಿಕೆಯ ಕೆಳಗೆ. ಇದನ್ನು ಮಾರಿ ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ಒಂದು ಭಾನುವಾರ ತನ್ನ ಕಾರಿನ ಗಾಜಿನ ಮೇಲಿನ ಹಕ್ಕಿಯ ಹಿಕ್ಕೆಯನ್ನು ಹಳೆಯ ಪೇಪರಿನಿಂದ ಕೆರೆಯುತ್ತ, "ಮುಂದಿನ ಜನ್ಮದಲ್ಲಿ ನಿಮ್ಮ ಕಾರಾಗಿ ಹುಟ್ತೀನಿ, ಸೂರಿನ ಕೆಳಗಾದ್ರೂ ಇರಬಹುದು," ಎಂದಳು. ಅಷ್ಟೇ. ಅವಳು ಜಗಳವಾಡಿದ್ದರೆ ಅವನು ಗೆದ್ದುಬಿಡುತ್ತಿದ್ದ. ಆ ವಾರವೇ ಜಾಹೀರಾತು ಕೊಟ್ಟ. ಸಂಪೂರ್ಣ ಹೊಸದಾಗಿಸಿದ್ದು, ಮೂಲಕ್ಕಿಂತ ಉತ್ತಮಗೊಳಿಸಿದ್ದು, ಎಂಜಿನ್ ಹೊಸದರಂತಿದೆ, ಪ್ರೀತಿಯಿಂದ ಸಾಕಿದ್ದು. ಅವಳು ಓದಿ, "ಸಾಕಿದ್ದು ಅನ್ನೋದನ್ನ ತೆಗೀರಿ, ನಾಯಿಮರಿ ಕೇಳ್ಕೊಂಡು ಬಂದಾರು," ಎಂದಿದ್ದಳು. ಎಂಜಿನ್ ಹೊಸದರಂತಿದೆ ಎಂಬ ಮಾತಿನ ಬಗ್ಗೆ ಏನೂ ಹೇಳಲಿಲ್ಲ. ಅವನು ಕಾದಿದ್ದ, ಹೇಳಲಿಲ್ಲ.

ಹೊಸದರಂತಿಲ್ಲ ಎಂದು ಗೊತ್ತಿದ್ದವನು ಅವನೊಬ್ಬನೇ. ಒಂದು ರಾತ್ರಿ ನಿಂತರೆ ಸಾಕು, ಮಾರನೆಯ ದಿನ ಚೋಕ್ ಎಳೆದರೂ ಕೆಮ್ಮುತ್ತದೆ, ನಿಲ್ಲುತ್ತದೆ, ಮತ್ತೆ ಕೆಮ್ಮುತ್ತದೆ, ಆಮೇಲೆ ಸೈಲೆನ್ಸರಿನಿಂದ ನೀಲಿ ಹೊಗೆಯ ಒಂದು ದೊಡ್ಡ ಉಂಡೆ. ಬಿಸಿಯಾದ ಮೇಲೆ ಕೆಮ್ಮೂ ಇಲ್ಲ, ಹೊಗೆಯೂ ಇಲ್ಲ. ವಾಲ್ವಿನ ದಾರಿಯಿಂದ ಎಣ್ಣೆ ಜಿನುಗುತ್ತದೆ. ಆ ವಾಲ್ವುಗಳು ಮೇಲೆ ಕೆಳಗೆ ಆಡುವ ಕೊಳವೆಗಳನ್ನು, ಅಂದರೆ ಗೈಡುಗಳನ್ನು, ಕೂರಿಸಿದ್ದು ಮೆಕ್ಯಾನಿಕ್ಕನಲ್ಲ, ಅವನೇ, ತನ್ನ ಕೈಯಾರೆ, ಕೂದಲೆಳೆಯಷ್ಟು ಸಡಿಲ. ಸರಿಮಾಡಬೇಕಾದರೆ ಎಂಜಿನ್ನಿನ ತಲೆಯನ್ನೇ ಬಿಚ್ಚಬೇಕು, ಬಿಚ್ಚಿದರೆ ತಪ್ಪು ತನ್ನದೇ ಎಂದು ಕಣ್ಣಾರೆ ಕಾಣಬೇಕು. ಅದಕ್ಕೇ ಬಿಚ್ಚದೆ ಸುತ್ತಮುತ್ತಲಿನದನ್ನೆಲ್ಲ ಉತ್ತಮಗೊಳಿಸುತ್ತ ಹೋದ. ಹಳೆಯ ನಾಲ್ಕು ಗೇರಿನ ಪೆಟ್ಟಿಗೆ ತೆಗೆದು ಬೇರೆ ಕಾರಿನ ಐದು ಗೇರಿನದು ಕೂರಿಸಿದ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಹೊಸ ವೈರಿಂಗು, ಅಲ್ಯೂಮಿನಿಯಂ ರೇಡಿಯೇಟರು, ಅದಕ್ಕೊಂದು ಕರೆಂಟಿನ ಫ್ಯಾನು. ಬುಡ ಕೆಟ್ಟ ಹಲ್ಲಿಗೆ ಫಳಫಳ ಟೋಪಿ ತೊಡಿಸಿ, ರೋಗಿಯ ಕೈಗೆ ಕನ್ನಡಿ ಕೊಟ್ಟು, ಈಗ ನಗಿ ಎನ್ನುವುದು ಯಾವ ಜಾತಿಯ ಕೆಲಸ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೇರೆ ದಂತವೈದ್ಯರು ಮಾಡಿದ ಅಂಥ ಕೆಲಸ ಕಂಡರೆ ಲೊಚ್ಚೆನ್ನುತ್ತಿದ್ದ. ಬಾಯಿ ತೆರೆದು ಮಲಗಿದ ರೋಗಿಗೆ ಎದೆ ಝಲ್ಲೆನ್ನುವಷ್ಟು ಜೋರಾಗಿ.

ಆ ಬಾಯಿ ತೆರೆದವರೇ ಅವನ ಕೇಳುಗರು. ಕನ್ನಡಿ ಕಡ್ಡಿಯನ್ನು ಕೆನ್ನೆಯೊಳಗಿಟ್ಟು, ಡ್ರಿಲ್ ಹಿಡಿದು, ಕಾರ್ಬ್ಯುರೇಟರ್ ಎರಡಿದ್ದರೆ ಎರಡೂ ಒಂದೇ ಉಸಿರು ಎಳೆಯುವಂತೆ ಮಾಡುವುದು ಎಷ್ಟು ಕಷ್ಟ ಗೊತ್ತೇ ಎಂದು ಕೇಳುತ್ತಿದ್ದ. "ಆಂ," ಎನ್ನುತ್ತಿದ್ದರು. ಹೊಸ ಗೇರಿನಲ್ಲಿ ಬೆಣ್ಣೆಯ ಹಾಗೆ ಹೋಗುತ್ತೆ ಎಂದರೂ "ಆಂ". ಹನ್ನೊಂದು ವರ್ಷ ಊರಿನ ಅರ್ಧ ಜನ ಅವನ ಕಾರಿನ ವಿಷಯದಲ್ಲಿ "ಆಂ" ಎಂದಿದ್ದರು, ಒಬ್ಬರೂ ಎದುರು ಮಾತಾಡಿರಲಿಲ್ಲ. ಹೀಗಾಗಿ ಬಾಯಿ ಮುಚ್ಚಿಕೊಂಡು ಎದುರಿಗೆ ನಿಂತವರ ಜೊತೆ ಹೇಗೆ ಮಾತಾಡಬೇಕೆಂಬುದು ಅವನಿಗೆ ಮರೆತೇ ಹೋದಂತಾಗಿತ್ತು. ಅವನ ತಾಯಿ, ಇದ್ದಷ್ಟು ದಿನ, ಶೆಡ್ಡಿನ ಬಾಗಿಲಿಗೆ ಬಂದು, ಬಾನೆಟ್ಟಿನೊಳಗೆ ಸೊಂಟದವರೆಗೆ ಇಳಿದಿದ್ದ ಮಗನ ಬೆನ್ನಿಗೆ, "ಇದಕ್ಕೂ ಹುಳುಕು ಹಲ್ಲೇನೋ?" ಎಂದು ಕೇಳಿ ಹೋಗುತ್ತಿದ್ದಳು. ಅವನಿಗೆ ಹಣದ ಆಸೆಯಿರಲಿಲ್ಲ. ಬಂದವನು ಕೊಟ್ಟಷ್ಟು ಕೊಡಲಿ. ಬೇಕಾಗಿದ್ದದ್ದು ಒಂದೇ: ಎಂಜಿನ್ ಚಾಲೂ ಆದಾಗ ಅವನು ಒಂದು ನಿಮಿಷ ತಲೆ ವಾಲಿಸಿ ಆ ಸದ್ದು ಕೇಳಬೇಕು, ಕೇಳಿ, "ಇದನ್ನ ನೀವೇ ಮಾಡಿದ್ರಾ?" ಎನ್ನಬೇಕು. ಹೌದು ಎಂದು ತಾನು ಹೇಳಬೇಕು. ಅಷ್ಟಾದರೆ ಈ ಕಾರು ಹೋದರೂ ಹೋಗಲಿ. ಆ ಒಂದು ಮಾತಿಗಾಗಿ ಅವನು ಇವತ್ತು ಕ್ಲಿನಿಕ್ಕಿಗೆ ರಜೆ ಹಾಕಿ, ಕಳ್ಳನ ಹಾಗೆ ಬಕೆಟ್ಟು ಹಿಡಿದು ನಿಂತಿದ್ದ.

ಫೋನು ಬಂತು. ಕೊಳ್ಳುವವನು ಸ್ವಲ್ಪ ತಡವಾಗುತ್ತದೆ, ಲೋಡು ಇಳಿಸುತ್ತಿದ್ದಾರೆ ಎಂದ. ಏನು ಲೋಡು ಎಂದು ದಂತವೈದ್ಯ ಕೇಳಲಿಲ್ಲ. ಬಟ್ಟೆ ತೆಗೆದು ಬಾನೆಟ್ಟಿನ ಮೇಲೆ ಕೈಯಿಟ್ಟ. ಹಿತವಾಗಿ ತಣ್ಣಗಿತ್ತು. ಹಿತವೆನಿಸಿದ ಮರುಕ್ಷಣವೇ, ಹಾಗಾದರೆ ಒಳಗೂ ತಣ್ಣಗಾಗುತ್ತಿದೆ ಎಂದು ಹೊಳೆಯಿತು. ಮತ್ತೆ ಸೀಟಿಗೆ ಇಳಿದು ಚಾಲೂ ಮಾಡಿದ. ಬಿಸಿಯಾಯಿತು. ಮತ್ತೆ ಬಟ್ಟೆ ಅದ್ದಿ ಹಾಸಿದ. ಒಳಗೆ ಕಾಯಿಸುತ್ತ ಹೊರಗೆ ತಣಿಸುತ್ತ ನಿಂತವನಿಗೆ, ಅಡುಗೆಮನೆಯಲ್ಲಿ ಅವಳು ಒಬ್ಬಳೇ ನಗುತ್ತಿರುವುದು ಕೇಳಿಸಿದಂತಾಯಿತು. ಅಥವಾ ಕುಕ್ಕರಿನ ಉಸಿರಿರಬಹುದು. ಅವಳನ್ನು ಮೊದಲ ಸಲ ಈ ಕಾರಿನಲ್ಲಿ ಕೂರಿಸಿಕೊಂಡು ಹೋದ ದಿನವೂ ಅವಳು ನಕ್ಕಿದ್ದಳು, ತಿರುವಿನಲ್ಲಿ, ಕೂದಲು ಮುಖಕ್ಕೆ ಬಡಿಯುತ್ತಿರುವಾಗ. ಒಂದು ಸಿಗ್ನಲ್ಲಿನವರೆಗೆ. ಅಲ್ಲಿ ನಿಂತದ್ದು ಮತ್ತೆ ಹೊರಡಲಿಲ್ಲ. ಪಕ್ಕದ ಬಸ್ಸಿನ ಕಿಟಕಿ ಕಿಟಕಿಯಿಂದಲೂ ಸಲಹೆಗಳು ಬಂದವು. ಚೋಕ್ ಎಳೀರಿ, ಎಳೀಬೇಡಿ, ಮಾರಿಬಿಡಿ. ಅವಳು ಇಳಿದು ಹೊಸ ಚಪ್ಪಲಿ ಬಿಚ್ಚಿ ಸೀಟಿನ ಮೇಲಿಟ್ಟು ಹಿಂದಿನಿಂದ ತಳ್ಳಿದಳು. ಸ್ಟೇರಿಂಗ್ ಹಿಡಿಯಲು ಒಬ್ಬರು ಬೇಕಲ್ಲ, ಅವನು ಕೂತಿದ್ದ. ಆಮೇಲೆ ಎಷ್ಟೋ ಸಲ ಬಾ ಎಂದ. "ತಳ್ಳೋದಿದ್ರೆ ಹೇಳಿ, ಬರ್ತೀನಿ," ಎನ್ನುತ್ತಿದ್ದಳು. ಅವತ್ತು ತಾನಿಳಿದು ಅವಳನ್ನು ಸ್ಟೇರಿಂಗ್ ಹಿಡಿಯಲು ಕೂರಿಸಬಹುದಿತ್ತು ಎಂಬುದು ಅವನಿಗೆ ಹೊಳೆದದ್ದು ಈಗ, ಒದ್ದೆ ಬಟ್ಟೆಯ ಸುಕ್ಕನ್ನು ನೀವುತ್ತಿರುವಾಗ. ಆಗಲೇ ಗೇಟು ಕಿರುಗುಟ್ಟಿತು.

ಬಟ್ಟೆಯನ್ನು ಎಳೆದುಕೊಂಡು ಬೆನ್ನ ಹಿಂದೆ ಹಿಡಿದ. ಬಂದವನು ದಪ್ಪ ಉಂಗುರಗಳ, ಇಸ್ತ್ರಿ ಮಾಡಿದ ಬಿಳಿ ಶರ್ಟಿನ, ತುಂಬ ಒಳ್ಳೆಯ ಹಲ್ಲುಗಳ ಮನುಷ್ಯ. ಅಷ್ಟು ಸಾಲಾಗಿರುವುದು ಹುಟ್ಟಿನಿಂದ ಬಂದದ್ದಲ್ಲ ಎಂದು ದಂತವೈದ್ಯನ ಕಣ್ಣು ತಾನಾಗಿ ಲೆಕ್ಕ ಹಾಕಿತು. ಕೈ ಮುಂದೆ ಬಂತು. ಇವನೂ ಕೈ ಕೊಡಬೇಕಾಯಿತು. ಒದ್ದೆ ಕೈ, ಬೆರಳ ಸಂದಿಯಲ್ಲಿ ಎಣ್ಣೆ. ಬಂದವನು ಕರ್ಚೀಫು ತೆಗೆದು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ಬೆನ್ನ ಹಿಂದೆ ಬಟ್ಟೆ ತೊಟ್ಟಿಕ್ಕಿ ದಂತವೈದ್ಯನ ಹಿಮ್ಮಡಿಯ ಸುತ್ತ ಸಣ್ಣ ಕೆರೆಯಾಗುತ್ತಿತ್ತು. ಹೆಂಡತಿ ಬಂದು ಹಿಂದಿನಿಂದಲೇ ಬಟ್ಟೆಯನ್ನು ತೆಗೆದುಕೊಂಡು ಹೋದಳು.

"ಬಣ್ಣ ಚೆನ್ನಾಗಿದೆ ಡಾಕ್ಟ್ರೇ," ಎಂದ ಬಂದವನು. ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದ.

"ಬಣ್ಣ ಬಿಡಿ, ಅದನ್ನ ಯಾರು ಬೇಕಾದ್ರೂ ಹೊಡೀತಾರೆ. ಗೇರ್ ಬಾಕ್ಸು ನೋಡಿ, ಐದು ಗೇರು. ಮೂಲದಲ್ಲಿ ನಾಲ್ಕೇ ಇದ್ದದ್ದು."

"ಒಳ್ಳೇದು, ಒಳ್ಳೇದು."

"ಮುಂದೆ ಡಿಸ್ಕ್ ಬ್ರೇಕು."

"ಹಾಕಿಸ್ಲೇಬೇಕು," ಎಂದು ಬಂದವನು ಜೇಬಿನಿಂದ ಟೇಪು ತೆಗೆದ. "ಮೇಡಂ, ಈ ತುದಿ ಸ್ವಲ್ಪ ಹಿಡ್ಕೊತೀರಾ?"

ಹಿಂದಿರುಗಿ ಬಂದಿದ್ದ ಹೆಂಡತಿ ತುದಿ ಹಿಡಿದಳು. ಅವರಿಬ್ಬರೂ ಕಾರಿನ ಅಗಲ ಅಳೆದರು, ಉದ್ದ ಅಳೆದರು, ನೆಲದಿಂದ ಗಾಜಿನವರೆಗಿನ ಎತ್ತರ ಅಳೆದರು. ದಂತವೈದ್ಯ ಹಿಂದೆ ಹಿಂದೆ ಸುತ್ತಿದ. ಮಾತಿನ ನೆವದಲ್ಲಿ ಆ ಮನುಷ್ಯನನ್ನು ಕಾರಿನ ಮುಂದಕ್ಕೆ ಕರೆತಂದ. ತಾನೇ ಬಾನೆಟ್ಟಿನ ಮೇಲೆ ಕೈಯಿಟ್ಟು ಸವರಿದ. ತಣ್ಣಗೆ, ಮಡಕೆಯ ಹಾಗೆ ತಣ್ಣಗಿತ್ತು. ಮುಟ್ಟು, ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಒಂದು ಸಲ ಮುಟ್ಟು ಮಾರಾಯ. ಆ ಮನುಷ್ಯ ಮುಟ್ಟಲಿಲ್ಲ. ಬೆಳಗಿನಿಂದ ಹೆದರಿ ಸತ್ತದ್ದು ಯಾವ ಕೈಗೋ ಆ ಕೈ ಟೇಪಿನ ಗುಂಡಿ ಒತ್ತಿ ಸುರ್ರೆಂದು ಒಳಗೆಳೆದುಕೊಂಡು ಜೇಬು ಸೇರಿತು. ದಂತವೈದ್ಯನಿಗೆ ಮುಖದ ಮೇಲೆ ಹೊಡೆದಂತಾಯಿತು. ಇವನು ತನ್ನನ್ನು ನಂಬಿದ್ದಕ್ಕಲ್ಲ. ಅನುಮಾನಿಸುವಷ್ಟು ಮರ್ಯಾದೆಯನ್ನೂ ಕೊಡಲಿಲ್ಲವಲ್ಲ ಎಂದು.

"ಎಂಜಿನ್ ತೆಗೆದ್ರೆ ತೂಕ ಎಷ್ಟಾಗುತ್ತೆ ಡಾಕ್ಟ್ರೇ?"

"ಏನು ತೆಗೆದ್ರೆ?"

"ಎಂಜಿನ್ನು. ಮತ್ತೆ ಆ ಗೇರ್ ಬಾಕ್ಸು. ನಮ್ಮ ಶೋರೂಮು ಮೊದಲನೇ ಮಹಡೀಲಿದೆ. ಲಿಫ್ಟು ಇಷ್ಟನ್ನ ಎತ್ತಲ್ಲ. ಟೈಲ್ಸು, ಬಾತ್‌ರೂಮ್ ಸಾಮಾನು, ಎಲ್ಲಾ ಇದೆ ನಮ್ಮಲ್ಲಿ. ಮೆಟ್ಟಿಲು ಹತ್ತಿ ಬಂದೋರಿಗೆ ಎದುರಿಗೇ ಕಾಣೋ ಹಾಗೆ ಒಂದು ಏನಾದ್ರೂ ಇಡಬೇಕು ಅಂತ. ಹೋದ ವರ್ಷ ಕಾರಂಜಿ ಇಟ್ಟಿದ್ವಿ, ಸೋರ್ತು."

"ಯಾವುದರ ಎದುರಿಗೆ?" ಎಂದು ಹೆಂಡತಿ ಕೇಳಿದಳು.

"ಕಮೋಡುಗಳ ಎದುರಿಗೆ ಮೇಡಂ. ಬಿಳೀದರ ಮುಂದೆ ಈ ಹಸಿರು ಎದ್ದು ಕಾಣುತ್ತೆ."

ಅವಳು ತುಟಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ದಂತವೈದ್ಯ ಬಾಗಿಲು ತೆಗೆದು ಸೀಟಿಗಿಳಿದ. ಕೀಲಿ ತಿರುಗಿಸಿದ್ದೇ ತಡ, ಎಂಜಿನ್ ಎದ್ದಿತು. ಕೆಮ್ಮಿಲ್ಲ, ಹೊಗೆಯಿಲ್ಲ. ಆ ಸದ್ದು ಶೆಡ್ಡಿನ ಗೋಡೆಗಳಿಗೆ ತಾಗಿ ತುಂಬಿಕೊಂಡಿತು, ಗಂಟಲಿನ ಆಳದಿಂದ ಬಂದ ಒಂದೇ ಸಮನಾದ ಗುನುಗು, ಕಾಲು ಒತ್ತಿದರೆ ಏರುವ, ಬಿಟ್ಟರೆ ಸಣ್ಣಗೆ ಚಟಪಟಿಸಿ ಇಳಿಯುವ ಸದ್ದು. ಇಷ್ಟು ಚೆನ್ನಾಗಿ ಅದು ಯಾವತ್ತೂ ಹಾಡಿರಲಿಲ್ಲ. ಎರಡು ಸಲ ಕಾಯಿಸಿದ್ದರ ಫಲವಿರಬೇಕು. ಅವನು ಕಣ್ಣೆತ್ತಿ ನೋಡಿದ. ಬಂದವನು ಒಂದು ಕಿವಿಗೆ ಫೋನು ಒತ್ತಿಕೊಂಡು, ಇನ್ನೊಂದಕ್ಕೆ ಬೆರಳು ತುರುಕಿಕೊಂಡು, "ಫ್ಲಶ್ ಟ್ಯಾಂಕು ಬೇರೆ, ಸೀಟು ಬೇರೆ ಕಣಪ್ಪ, ಎರಡಕ್ಕೂ ಒಂದೇ ಡಬ್ಬ ಅಲ್ಲ," ಎಂದು ಕಿರುಚುತ್ತಿದ್ದ. ಇವನ ಕಡೆ ನೋಡಿ, ಉಂಗುರದ ಕೈಯನ್ನು ಕೆಳಕ್ಕಾಡಿಸಿದ. ಆರಿಸಿ, ಆರಿಸಿ. ದಂತವೈದ್ಯ ಆರಿಸಿದ.

"ನಾನು ಕೊಡಲ್ಲ," ಎಂದ, ಕೂತಲ್ಲಿಂದಲೇ. ತಗ್ಗಿನಲ್ಲಿ ಕೂತು ಮೇಲೆ ನೋಡುತ್ತ ಹೇಳಿದ್ದರಿಂದ ಮಾತಿಗೆ ಅಂದುಕೊಂಡ ತೂಕ ಬರಲಿಲ್ಲ. ಎದ್ದು ಹೊರಗೆ ಬಂದು ಇನ್ನೊಮ್ಮೆ ಹೇಳಿದ. "ಇದು ಓಡೋ ಕಾರು. ಆಟದ ಸಾಮಾನಲ್ಲ. ಓಡಿಸೋರಿಗೆ ಕೊಡೋದು."

ಬಂದವನಿಗೆ ಸಿಟ್ಟು ಬರಲಿಲ್ಲ. ಮುನಿದ ಗಿರಾಕಿಗಳನ್ನು ದಿನಾ ನೋಡುವವನು. ಶೆಡ್ಡಿನ ಒಳಗೆಲ್ಲ ಒಮ್ಮೆ ಕಣ್ಣಾಡಿಸಿದ: ಹತ್ತಿಯ ಹೊದಿಕೆ, ಗೋಡೆಗೆ ಮೊಳೆ ಹೊಡೆದು ಗಾತ್ರದ ಪ್ರಕಾರ ನೇತುಹಾಕಿದ ಸ್ಪ್ಯಾನರುಗಳು, ಸವೆಯದ ಟೈರುಗಳು. "ನೀವು ಎಷ್ಟು ಓಡಿಸಿದೀರಿ ಡಾಕ್ಟ್ರೇ?"

"ಓಡಿಸ್ತೀನಿ. ಆಗಾಗ."

"ಪೆಟ್ರೋಲ್ ಬಂಕಿಗೆ ಹೋಗಿ ಬರ್ತಾರೆ," ಎಂದಳು ಹೆಂಡತಿ, ಯಾವ ಕುಹಕವೂ ಇಲ್ಲದೆ, ಮಕ್ಕಳಿಗೆ ಸೂತ್ರ ನೆನಪಿಸುವ ಹಾಗೆ. "ಹೋಗಿ ಬರೋದಕ್ಕೆ ಖರ್ಚಾದಷ್ಟು ಹಾಕಿಸ್ಕೊಂಡು ಬರ್ತಾರೆ."

"ಅಲ್ಲಿಗೆ ಏನಾಯ್ತು? ನೀವೂ ರೂಮಲ್ಲೇ ಇಟ್ಟಿದ್ರಿ, ನಾನೂ ರೂಮಲ್ಲೇ ಇಡ್ತೀನಿ. ನನ್ನ ರೂಮಲ್ಲಿ ಲೈಟು ಚೆನ್ನಾಗಿದೆ."

ದಂತವೈದ್ಯ ಬಾಯಿ ತೆರೆದ. ಹೇಳಬೇಕಾದ ಮಾತೊಂದು ಇದ್ದೇ ಇರಬೇಕು ಎಂದು ನಾಲಿಗೆ ಒಳಗೆಲ್ಲ ತಡಕಾಡಿತು. ರಸ್ತೆಗೆ ತೆಗೆದುಕೊಂಡು ಹೋದರೆ ಗೀಚು ಬಿದ್ದೀತೆಂದು ಹೆದರಿದ ಬೆಳಗುಗಳು ನೆನಪಾದವು. ಮೋಡ ನೋಡಿ ವಾಪಸು ಬಂದದ್ದು, ಧೂಳು ನೋಡಿ ವಾಪಸು ಬಂದದ್ದು. ಬಿಸಿಲಿಗೆ ಸೀಟಿನ ಚರ್ಮ ಬಿರಿಯುತ್ತದೆ ಎಂದು ಸಂಜೆ ಹೊರಡೋಣವೆಂದುಕೊಂಡು, ಸಂಜೆಯಾದರೆ ದೀಪ ಸಾಲದು ಎಂದು ದೀಪಗಳನ್ನೇ ಬದಲಾಯಿಸಿ, ಬದಲಾಯಿಸಿದ ದೀಪಗಳನ್ನು ಶೆಡ್ಡಿನೊಳಗೇ ಹೊತ್ತಿಸಿ ಗೋಡೆಯ ಮೇಲೆ ಬೆಳಕು ನೋಡಿ ಸಂತೋಷಪಟ್ಟು ಹೊದಿಕೆ ಹೊದಿಸಿದ್ದು. ಗಿರಾಕಿಗಳು ಬಾರದ ಒಂದು ಶೋರೂಮನ್ನು ತಾನು ಹನ್ನೊಂದು ವರ್ಷ ನಡೆಸಿದ್ದು. ಎದುರಿಗೆ ಕಮೋಡುಗಳಿರಲಿಲ್ಲ, ಅಷ್ಟೇ ವ್ಯತ್ಯಾಸ. ಹೆಂಡತಿಯ ಮುಖ ನೋಡಿದ. ಗೆದ್ದ ಕಳೆ ಇದ್ದಿದ್ದರೆ ಹಟ ಹಿಡಿಯಬಹುದಿತ್ತು. ಅವಳ ಮುಖದಲ್ಲಿ ಕನಿಕರವಿತ್ತು. ಅದನ್ನು ತಡೆದುಕೊಳ್ಳಲಾರದೆ, "ತಣ್ಣಗಿದ್ದಾಗ ಅದು ನೀಲಿ ಹೊಗೆ ಬಿಡುತ್ತೆ," ಎಂದುಬಿಟ್ಟ. "ವಾಲ್ವ್ ಗೈಡು ಸಡಿಲ. ನಾನೇ ಕೂರಿಸಿದ್ದು. ಬೆಳಗ್ಗೆಯೇ ಬಿಸಿ ಮಾಡಿ ಇಟ್ಟಿದ್ದೆ. ನೀವು ಮುಟ್ಟಿ ನೋಡ್ತೀರಿ ಅಂತ ಬಾನೆಟ್ಟಿಗೆ ಒದ್ದೆ ಬಟ್ಟೆ ಹಾಕಿದ್ದೆ."

ಇಷ್ಟು ಹೇಳಿ, ಏಟಿಗೆ ಕಾಯುವವನ ಹಾಗೆ ನಿಂತ.

"ಬಿಡಲಿ ಬಿಡಿ ಡಾಕ್ಟ್ರೇ," ಎಂದ ಬಂದವನು. "ಎಂಜಿನ್ನೇ ಇರಲ್ವಲ್ಲ."

ಆಮೇಲೆ ಹೆಚ್ಚು ಮಾತು ಬೇಕಾಗಲಿಲ್ಲ. ಬೆಲೆಯಲ್ಲಿ ಚೌಕಾಸಿಯೂ ನಡೆಯಲಿಲ್ಲ. ಚೌಕಾಸಿ ಮಾಡಲು ಆ ಮನುಷ್ಯನಿಗೆ ಕಾರಿನಲ್ಲಿ ಒಂದು ಕೊರತೆಯಾದರೂ ಕಾಣಬೇಕಿತ್ತು. ಎಂಜಿನ್ನನ್ನು ತಾನೇ ತೆಗೆಯುತ್ತೇನೆ, ಬೇರೆಯವರು ಕೈಹಾಕಬಾರದು ಎಂದು ದಂತವೈದ್ಯ ಹೇಳಿದ. "ನಿಮಗಿಂತ ಚೆನ್ನಾಗಿ ಕೀಳೋರು ಯಾರಿದಾರೆ," ಎಂದು ಬಂದವನು ನಕ್ಕ. ಕಿತ್ತ ಎಂಜಿನ್ ಎಲ್ಲಿರುತ್ತದೆ ಎಂದು ಹೆಂಡತಿ ಕೇಳಿದಳು. ಮೂಲೆಯಲ್ಲಿ ಎಂದು ಅವನು ಮೂಲೆ ತೋರಿಸಿದ. ಅವಳು ಬಂದವನ ಟೇಪನ್ನು ಕೇಳಿ ತೆಗೆದುಕೊಂಡು, ಆ ಮೂಲೆಯನ್ನು ಅಳೆದು, ಇರಲಿ ಎಂದಳು.

"ಇನ್ನೊಂದು ಉಪಕಾರ ಆಗಬೇಕಿತ್ತು," ಎಂದ ಬಂದವನು, ಹೊರಡುವವನು ತಿರುಗಿ. "ಖಾಲಿ ಕಾರು ಇಟ್ರೆ ಕಳೆ ಇರಲ್ಲ. ಒಳಗೆ ಒಂದು ಗೊಂಬೆ ಕೂರಿಸೋಣ ಅಂತ. ಟೋಪಿ, ಕನ್ನಡಕ, ಕುತ್ತಿಗೆಗೊಂದು ಮಫ್ಲರು. ಹೇಗೆ ಕೂರ್ತಾರೆ, ಕೈ ಎಲ್ಲಿ ಬರುತ್ತೆ, ಮಾಡೋನಿಗೆ ತೋರಿಸಬೇಕು. ನೀವೇ ಸ್ವಲ್ಪ ಕೂತ್ಕೊಳ್ಳಿ, ಒಂದೆರಡು ಫೋಟೋ ತಗೋತೀನಿ."

ಇದಕ್ಕೆ ಇಲ್ಲ ಎನ್ನಬೇಕು ಎಂದು ದಂತವೈದ್ಯನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಇಲ್ಲ ಎನ್ನುವುದು ಎಷ್ಟು ಸರಿಯಾದ ಮಾತು ಎಂದು ಯೋಚಿಸುತ್ತಲೇ ಬಾಗಿಲು ತೆಗೆದು ಒಳಗಿಳಿದ. ಎರಡು ಕೈಯನ್ನೂ ಸ್ಟೇರಿಂಗಿನ ಮೇಲಿಟ್ಟ. ಬಂದವನು ಫೋನು ಎತ್ತಿ ಹಿಡಿದು, ಹಿಂದೆ ಸರಿದು, ಬಗ್ಗಿ, ಮೊದಲ ಸಲ ಮನಸಾರೆ ನೋಡಿದ. ತಲೆಯನ್ನು ನಿಧಾನವಾಗಿ ಒಂದು ಕಡೆ ವಾಲಿಸಿದ.

"ಅಬ್ಬಾ ಡಾಕ್ಟ್ರೇ," ಎಂದ. "ಏನು ಕಳೆ. ಇದಕ್ಕೆ ಅಂತಲೇ ಹುಟ್ಟಿದೋರ ಹಾಗಿದೀರಿ."

ದಂತವೈದ್ಯನ ಎದೆಯಲ್ಲಿ ಏನೋ ಸಡಿಲವಾಯಿತು. ಯಾತಕ್ಕೆ ಹೊಗಳಿದನೆಂದು ಅವನಿಗೆ ಗೊತ್ತಿಲ್ಲದಿರಲಿಲ್ಲ. ನಾಚಿಕೆಯಾಯಿತು; ಕತ್ತಿನ ಹಿಂಭಾಗವೆಲ್ಲ ಉರಿಯಿತು. ಆದರೂ ಕೈ ತಾನಾಗಿ ಹೋಗಿ ಕಾಲರ್ ಸರಿಮಾಡಿತು. ಚಕ್ರ ಸ್ವಲ್ಪ ಓರೆಯಾಗಿದ್ದರೆ ಚಿತ್ರ ಚೆನ್ನಾಗಿ ಬರುತ್ತದೆ ಎಂದು ಸ್ಟೇರಿಂಗನ್ನು ಎಡಕ್ಕೆ ಒಂದಿಷ್ಟು ತಿರುಗಿಸಿದ. ಹಲ್ಲು ಕಾಣುವಂತೆ ನಕ್ಕ.

"ಇನ್ನೊಂದು," ಎಂದ ಬಂದವನು.

ಹೆಂಡತಿ ಅಡುಗೆಮನೆಯ ಬಾಗಿಲ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. "ರೀ, ಹೊಟ್ಟೆ ಒಳಗೆಳ್ಕೊಳ್ಳಿ," ಎಂದಳು.

ಅವನು ಎಳೆದುಕೊಂಡ, ಉಸಿರು ಬಿಗಿಹಿಡಿದು, ಗಾಜಿನಾಚೆಯ ಗೋಡೆಯನ್ನು ದೂರದ ರಸ್ತೆಯ ಹಾಗೆ ನೋಡುತ್ತ ಕೂತ.